ಕುಸುಬಿ ಎಣ್ಣೆಯ ಬ್ರೇಕು

ಇದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ನಡೆದದ್ದು. ಬಿ.ಎಸ್ಸಿ. ಮುಗಿಸಿ ಚಿತ್ತಾಪುರದ ಒಂದು ಸರ್ಕಾರಿ ಕಚೇರಿಗೆ ಸೇರಿದ್ದೆ. ವಿಜ್ಞಾನ ಓದಿದವನೆಂದು ಜೀಪಿನ ಉಸ್ತುವಾರಿಯನ್ನೂ ನನಗೇ ಕಟ್ಟಿದರು. ಶನಿವಾರ ಅದೇ ಜೀಪಿನಲ್ಲಿ ಸಾಹೇಬರ ಜೊತೆ ಚಿಂಚೋಳಿಯ ಗುಡ್ಡ ಇಳಿಯಬೇಕಿತ್ತು. ಬ್ರೇಕ್ ಇರಲಿಲ್ಲ. ಆ ಕಚೇರಿಯಲ್ಲಿ ಇಂಥದ್ದು ಆಗುತ್ತಲೇ ಇತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ಖಾಲಿಸ್ ಮಾಲು

ಪೆಡಲ್ ಒತ್ತಿದರೆ ತಳಕ್ಕೇ ಹೋಗುತ್ತಿತ್ತು. ಬ್ರೇಕ್ ಆಯಿಲಿನ ಟ್ಯಾಂಕಿ ಬಿಚ್ಚಿದೆ. ಒಗ್ಗರಣೆಯ ವಾಸನೆ. ಡ್ರೈವರನನ್ನು ಕೇಳಿದರೆ, ಶಹಾಬಾದಿನಲ್ಲಿ ಆಯಿಲ್ ಸಿಗಲಿಲ್ಲವಂತೆ, ಮನೆಯ ಕುಸುಬಿ ಎಣ್ಣೆ ಸುರಿದನಂತೆ. ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಕೂತಿದ್ದವು. ಜೀವ ತೆಗೆಯುತ್ತೀಯೇನು ಎಂದು ಕೂಗಾಡಿದೆ.

"ಗಾಣದ್ದು ಅದರಿ ಸರ, ಖಾಲಿಸ್ ಮಾಲು, ಏನೂ ಬೆರಕಿ ಇಲ್ರಿ. ಮನ್ಯಾಗ ನಾವೂ ಅದೇ ಉಣ್ತೀವಿ."

೨. ಎಣ್ಣೆಗೂ ಧಗೆ

ವಾಷರ್ ಬದಲಿಸಿ, ವಾಡಿಯಿಂದ ಹೊಸ ಆಯಿಲ್ ಡಬ್ಬಿ ತರಿಸಿದೆ. ಇದು ಗಾಳಿಯ ತೇವ ಹೀರಿ ಕೆಡುತ್ತದೆ, ಮುಚ್ಚಳ ಬಿಗಿಯಾಗಿರಲಿ ಎಂದು ಜವಾನನಿಗೆ ತಿಳಿಸಿ ಹೇಳಿದೆ. ಮರುದಿನ ಡಬ್ಬಿ ನೀರಿನ ಮಡಕೆಯ ಪಕ್ಕ, ಒದ್ದೆ ಉಸುಕಿನಲ್ಲಿ, ಬಾಯಿ ತೆರೆದು ಕೂತಿತ್ತು.

"ಭಾಳ ಧಗಿ ಅದರಿ ಸರ. ಅದಕ್ಕೂ ಜರಾ ಗಾಳಿ ಆಡ್ಲಿ ಅಂತ ಬಿಚ್ಚಿಟ್ಟೀನ್ರಿ."

ಆ ಆಯಿಲ್ ಚೆಲ್ಲಿದೆ. ಮತ್ತೆ ವಾಡಿ.

೩. ಸಲಾಮು

ಬ್ರೇಕ್ ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ; ಶುಕ್ರವಾರ ಅದನ್ನು ತೆಗೆಯಲು ನಾನೇ ಜೀಪಿನ ಕೆಳಗೆ ಮಲಗಿದೆ. ಜವಾನ ಪೆಡಲ್ ಒತ್ತಿ ಹಿಡಿಯಬೇಕು, ನಾನು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಅಷ್ಟರೊಳಗೆ ಅವನು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಎಷ್ಟು ಮಾಡಿದರೂ ಗುಳ್ಳೆ ನಿಲ್ಲಲಿಲ್ಲ. ತೆವಳಿ ಹೊರಬಂದು ನೋಡಿದೆ. ಸಾಹೇಬರು ವರಾಂಡದಲ್ಲಿ ಅಡ್ಡಾಡುತ್ತಿದ್ದರು. ಎದುರು ಬಂದಾಗಲೆಲ್ಲ ಜವಾನ ಜೀಪಿನಿಂದ ಇಳಿದು ಸಲಾಮು ಹೊಡೆಯುತ್ತಿದ್ದ.

"ಸಾಹೇಬ್ರು ಬಂದ್ರೂ ಕುಂತೇ ಇರ್ಲೇನ್ರಿ? ನೌಕರಿ ಉಳೀತದೇನು?"

ನಾನು ಹೋಗಿ ಸಾಹೇಬರಿಗೇ ಹೇಳಿದೆ, ಸ್ವಲ್ಪ ಖಾರವಾಗಿಯೇ. ಅವರು ಜವಾನನನ್ನು ಸರಿಸಿ ತಾವೇ ಸೀಟಿಗೇರಿದರು.

"ನಡೀರಿ, ನಾನೇ ಒತ್ತತೀನಿ. ಗುಡ್ಡ ಇಳಿಯಾಂವ ನಾನು."

ಅಲುಗದೆ ಒತ್ತಿ ಹಿಡಿದರು. ಒಂದು ಚಕ್ರ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ ಆಯಿಲ್ ಬದಲು ಬರೀ ಗಾಳಿ. ಎದ್ದು ನೋಡಿದರೆ ಟ್ಯಾಂಕಿ ಒಣಗಿತ್ತು. ಅದು ಇಳಿದಂತೆಲ್ಲ ಆಯಿಲ್ ಸುರಿಯಬೇಕಿದ್ದ ಡ್ರೈವರ್, ಡಬ್ಬಿ ನೆಲದಲ್ಲಿಟ್ಟು, ಸಾಹೇಬರ ಮುಂದೆ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ಜವಾನ.

ಮತ್ತೆ ಮೊದಲಿನಿಂದ ಮಾಡಲು ಹೊತ್ತಿರಲಿಲ್ಲ. ಶನಿವಾರ ಚಿಂಚೋಳಿಗೆ ಬಸ್ಸಿನಲ್ಲಿ ಹೋದೆವು. ಜವಾನ ಫೈಲು ಹೊತ್ತು ಬಂದ. ಡ್ರೈವರನೂ ಬಂದ, ಅವನಿಗೆ ಡ್ಯೂಟಿ ಹಾಕಿತ್ತು.

ಟಿಕೀಟು ನಾಲ್ಕು.