ನಕ್ಷೆ ಸಾಹೇಬರ ಜೋಳದ ಚಕ್ರವ್ಯೂಹ

ಹೊಲ ತಪ್ಪಬಹುದು, ನಕ್ಷೆ ತಪ್ಪುವುದಿಲ್ಲ. ಇದು ನಕ್ಷೆ ಸಾಹೇಬರು ಬಾಳಿಡೀ ನಂಬಿಕೊಂಡು ಬಂದ ಸಿದ್ಧಾಂತ. ಭೂಮಾಪನ ಕಚೇರಿಯ ಕಿಟಕಿ ಪಕ್ಕದ ಮೇಜಿಗೆ ಮೂವತ್ತೊಂದು ವರ್ಷ ಬಾಗಿ ಕೂತು, ಊರಿನವರ ಜಮೀನನ್ನೆಲ್ಲ ಕಾಗದದ ಮೇಲೆ ಇಳಿಸಿದವರು ಅವರು. ಆ ಜಮೀನುಗಳಲ್ಲಿ ಒಂದಕ್ಕಾದರೂ ಕಾಲಿಟ್ಟವರಲ್ಲ. (ಬಿಸಿಲಿನಲ್ಲಿ ಅಳತೆಯ ಸರಪಣಿ ಎಳೆಯುವುದು ಬೇರೆಯವರ ಕೆಲಸ. ಸಾಹೇಬರದು ಗೆರೆ ಎಳೆಯುವುದು.) ಹೆಂಡತಿಯ ತಂದೆ ಬಿಟ್ಟುಹೋದ ತೋಟದ ಮನೆಯಲ್ಲೇ ಅವರ ವಾಸ. ಆದರೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಮನುಷ್ಯನಿಗೆ ತೋಟವೆಂದರೆ ಗೇಟಿನಿಂದ ಮೆಟ್ಟಿಲವರೆಗಿನ ನೂರಿಪ್ಪತ್ತು ಹೆಜ್ಜೆ, ಅಷ್ಟೇ. ಉಳಿದ ಆರು ಎಕರೆ, ನಾಲ್ಕು ಹಸು, ಹೆಂಡತಿಯ ಒಬ್ಬ ತಮ್ಮ ಮತ್ತು ವಯಸ್ಸಾದ ತಾಯಿ, ಇಷ್ಟನ್ನೂ ಆಕೆಯೇ ನಡೆಸಿಕೊಂಡು ಬಂದಿದ್ದರು.

ನಿವೃತ್ತರಾದ ಮರುವಾರ ಸಾಹೇಬರ ಕಣ್ಣು ತೆರೆಯಿತು. ತೋಟದಲ್ಲಿ ಎಲ್ಲವೂ ಇದೆ, ಯೋಜನೆ ಒಂದಿಲ್ಲ.

"ಪೇಟೆ ಜನ ಗುಂಪು ಗುಂಪಾಗಿ ಬರ್ತಾರೆ, ನೋಡ್ತಿರು," ಎಂದರು ಹೆಂಡತಿಗೆ. "ಒಂದೊಂದು ಕಾಲಕ್ಕೆ ಒಂದೊಂದು ಕಾರ್ಯಕ್ರಮ. ಬೇಸಿಗೇಲಿ ಹಣ್ಣು ಕೀಳೋದು, ಮಳೆಗಾಲದಲ್ಲಿ ಸಸಿ ನೆಡೋದು, ಚಳಿಗಾಲದಲ್ಲಿ..."

"ಚಳಿಗಾಲದಲ್ಲಿ ಸಗಣಿ ಬಾಚೋದು ಇಡ್ರಿ. ಆಳು ಸಿಗ್ತಿಲ್ಲ," ಎಂದರು ಹೆಂಡತಿ.

ಸಾಹೇಬರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರಾಗಲೇ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರವಿ, ನಾಲ್ಕು ಬಣ್ಣದ ಪೆನ್ಸಿಲು ಕೆತ್ತಿಕೊಂಡು ಕುಳಿತಿದ್ದರು. 'ಋತುಮಾನ ಕಾರ್ಯಕ್ರಮ ಪಟ್ಟಿ' ಸಿದ್ಧವಾಗಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಮನೆಯವರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು.

ಮೊದಲ ಕಾರ್ಯಕ್ರಮ ಹಣ್ಣು ಕೀಳುವುದು. ವಿಮಾ ಕಚೇರಿಯ ಹದಿನೆಂಟು ಮಂದಿ ಬಂದು, ಹಣ್ಣಿಗೂ ಕಾಯಿಗೂ ಭೇದವೆಣಿಸದ ಸಮದರ್ಶಿಗಳಂತೆ ಸೀಬೆ ಮರಗಳನ್ನು ಬೋಳಿಸಿ ಹೋದರು. ಎರಡನೆಯದು ಹಾಲು ಕರೆಯುವುದು. ಅಂದು ಕೆಂದ ಹಸು ಒಬ್ಬ ಪಶುವೈದ್ಯರನ್ನೇ ಒದ್ದಿತು. (ಅವರು ವೈದ್ಯರಾಗಿ ಬಂದಿರಲಿಲ್ಲ, ವಿಹಾರಕ್ಕೆ ಬಂದಿದ್ದರು. ಹಸುವಿಗೆ ಹಳೆಯ ಸೂಜಿಯ ನೆನಪಿತ್ತು.)

"ಅಳಿಯಂದಿರೇ, ಸುಮ್ಮನೆ ಪೇಪರ್ ಓದ್ಕೊಂಡು ಕೂತ್ಕೋಬಾರದೆ," ಎಂದರು ಜಗುಲಿಯ ಬೆತ್ತದ ಕುರ್ಚಿಯಿಂದ ಅತ್ತೆ. "ಮೂವತ್ತು ವರ್ಷ ನೀವು ಏನೂ ಮಾಡದೆ ಇದ್ದಾಗ ತೋಟ ಚೆನ್ನಾಗೇ ಇತ್ತು."

ಆದರೆ ಸಾಹೇಬರ ಬತ್ತಳಿಕೆಯಲ್ಲಿ ಮೂರನೆಯ ಬಾಣವಿತ್ತು. ಮನೆಯ ಹಿಂದಿನ ಒಂದೂವರೆ ಎಕರೆ ಮೆಕ್ಕೆಜೋಳ ಆಗ ಮೊಣಕಾಲೆತ್ತರ ಬಂದಿತ್ತು. ಅದರಲ್ಲಿ ಸುತ್ತುದಾರಿಗಳನ್ನು ಕತ್ತರಿಸಿಬಿಟ್ಟರೆ, ಜೋಳ ತಲೆಯ ಮೇಲೆ ಬೆಳೆದಾಗ ಅದೊಂದು ಚಕ್ರವ್ಯೂಹ. ಬಂದವರು ಒಳಹೊಕ್ಕು, ದಾರಿ ತಪ್ಪಿ, ಕೊನೆಗೆ ನಕ್ಷೆ ಬಲ್ಲವನ ಹಿಂದೆ ಹೊರಗೆ ಬರಬೇಕು. ಆ ನಕ್ಷೆ ಬಲ್ಲವನು ಯಾರು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

"ದನಕ್ಕೆ ಬೆಳೆದ ಜೋಳ ಕಣ್ರೀ ಅದು," ಎಂದರು ಹೆಂಡತಿ.

ಸಾಹೇಬರು ಪೆನ್ಸಿಲಿನ ತುದಿ ನೋಡುತ್ತ ಹೇಳಿದರು: "ನೋಡು, ಅಷ್ಟು ವರ್ಷ ನಾನು ಬರೆದದ್ದೆಲ್ಲ ಮೊದಲೇ ಇದ್ದ ಗೆರೆ. ಯಾರದೋ ಬೇಲಿ, ಯಾರದೋ ಬದು. ನಾನು ಗೆರೆ ಎಳೆದೆ ಅಂತ ನೆಲದ ಮೇಲೆ ಒಂದು ಹುಲ್ಲುಕಡ್ಡಿನೂ ಈ ಕಡೆಯಿಂದ ಆ ಕಡೆ ಸರಿದಿಲ್ಲ. ಒಂದೇ ಒಂದು ಸಲ ಅದು ಆಗಲಿ ಅಂತ."

ಮಾರನೆಯ ಬೆಳಿಗ್ಗೆ ಹೆಂಡತಿ ತಮ್ಮನ ಕೈಗೆ ಕುಡುಗೋಲು ಕೊಟ್ಟು, "ನಿಮ್ಮ ಭಾವ ಎಲ್ಲಿ ತೋರಿಸ್ತಾರೋ ಅಲ್ಲಿ ಕತ್ತರಿಸು, ಏನೂ ಅನ್ನಬೇಡ," ಎಂದರು.

ಹೆಂಡತಿಯ ಕರಾರುಗಳು ಎರಡೇ. ಒಂದು, ಹಸುಗಳಿಗೆ ದಿನಾ ಬೇಕಾದ ಎರಡು ಹೊರೆ ಹಸಿಮೇವು ಇದೇ ಹೊಲದಿಂದ ಬರಬೇಕು. ಸಾಹೇಬರು ಉದಾರವಾಗಿ ಬಡಗಣ ಅಂಚನ್ನು ಅದಕ್ಕೆ ಬಿಟ್ಟುಕೊಟ್ಟರು. ಎರಡನೆಯದು, ಬರುವ ಮೊದಲ ಗುಂಪು ಖುಷಿಯಾಗಿ ಹಿಂದಿರುಗಿದರೆ ಚಕ್ರವ್ಯೂಹ ಕೊಯ್ಲಿನವರೆಗೂ ಉಳಿಯುತ್ತದೆ. ಅದೂ ಸೀಬೆಯ ಹಾಗೆ, ಹಸುವಿನ ಹಾಗೆ ಆದರೆ, ಮಾರನೆಯ ಬೆಳಿಗ್ಗೆಯೇ ಇಡೀ ಹೊಲ ಕೊಯ್ದು ಮೇವಿನ ಗುಂಡಿಗೆ. ಪಟ್ಟಿಯೂ ಗೋಡೆಯಿಂದ ಕೆಳಕ್ಕೆ.

"ಒಪ್ಪಿದೆ," ಎಂದರು ಸಾಹೇಬರು, ಗೆದ್ದವರ ದನಿಯಲ್ಲಿ.

ಜೋಳ ಬೆಳೆಯಿತು. ಆಳೆತ್ತರ ದಾಟಿತು. ಸಾಹೇಬರು ಒಳಗೆ ಕುಳಿತು ನಕ್ಷೆಗೆ ಬಣ್ಣ ತುಂಬಿದರು. ಹೊಲದ ಕಡೆಗೆ ಹೋಗಲಿಲ್ಲ. ನಕ್ಷೆ ಇರುವವನು ಹೊಲಕ್ಕೇಕೆ ಹೋಗಬೇಕು?

ಆ ನಡುವೆ ಒಂದು ವಾರ ಮಳೆ ಹಿಡಿಯಿತು. ಬಡಗಣ ಅಂಚು ಕೆಸರಾಯಿತು.

"ಇವತ್ತಿಂದ ಮೇವು ಈ ಕಡೆಯಿಂದ ಕೊಯ್ತೀನಿ. ಕೊಟ್ಟಿಗೆಗೂ ಹತ್ತಿರ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು.

"ಹೂಂ," ಎಂದರು ಸಾಹೇಬರು. ಅವರು ದಿಕ್ಕು ತೋರಿಸುವ ಬಾಣಕ್ಕೆ ಗರಿ ಬರೆಯುತ್ತಿದ್ದರು.

"ಪಂಪಿನ ಮನೆ ಹತ್ತಿರನೂ ಸ್ವಲ್ಪ ತೆಗೀತೀನಿ, ನಡೆಯೋಕೆ ಸಲೀಸು."

"ಹೂಂ."

"ನಿಮ್ಮ ಬಣ್ಣದ ಡಬ್ಬೀನೂ ಹಸುಗೆ ಹಾಕ್ಲಾ?"

"ಹೂಂ. ಹಾಕು."

ಭಾನುವಾರ ಹತ್ತು ಗಂಟೆಗೆ ವ್ಯಾನು ಬಂದು ನಿಂತಿತು. ಇಳಿದವರು ಪೇಟೆಯ ಬೆಳಗಿನ ನಡಿಗೆಯ ಬಳಗ. ಇಪ್ಪತ್ತೆರಡು ಮಂದಿ, ಎಲ್ಲರೂ ಐವತ್ತೈದು ದಾಟಿದವರು, ಎಲ್ಲರ ಕಾಲಲ್ಲೂ ಬಿಳಿ ಬೂಟು. ಅವರ ನಾಯಕಿ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಕೊರಳಲ್ಲಿ ಸೀಟಿ.

ಸಾಹೇಬರು ಇಸ್ತ್ರಿ ಮಾಡಿದ ಅಂಗಿ, ಬಿಸಿಲಿನ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆಯೊಂದಿಗೆ ಎದುರುಗೊಂಡು, ಭೂಮಾಪನದ ಇತಿಹಾಸದಿಂದ ಸ್ವಾಗತ ಭಾಷಣ ಶುರುಮಾಡಿದರು. ಹೆಡ್‌ಮಿಸ್ಟ್ರೆಸ್ಸು ಮೂರು ಸಲ ಗಡಿಯಾರ ನೋಡಿಕೊಂಡರು. ನಾಲ್ಕನೆಯ ಸಲ ಸೀಟಿ ಊದಿದರು. ಭಾಷಣ ಸರಪಣಿಯ ಕಂಡುಹಿಡಿಯುವಿಕೆಯ ಬಳಿಯೇ ನಿಂತಿತು.

ಮೊದಲ ತಿರುವು ನಕ್ಷೆಯಂತೆಯೇ ಬಂತು. ಎರಡನೆಯದೂ ಬಂತು. ಸಾಹೇಬರ ಎದೆ ಎರಡು ಅಂಗುಲ ಉಬ್ಬಿತು. ಎರಡೂ ಕಡೆ ಹಸಿರು ಗೋಡೆ, ನೆತ್ತಿಯ ಮೇಲೆ ಎಲೆಗಳ ಸರಸರ, ಕಾಲಡಿಯಲ್ಲಿ ತಾವು ಎಳೆದ ಗೆರೆ. ಒಂದು ಕ್ಷಣ ಅವರಿಗೆ ಕಣ್ಣು ಮಂಜಾಯಿತು ಕೂಡ.

"ಈಗ ಎದುರಿಗೆ ಗೋಡೆ ಬರುತ್ತೆ," ಎಂದರು. "ಎಡಕ್ಕೆ ತಿರುಗಬೇಕು."

ಎದುರಿಗೆ ಗೋಡೆ ಬರಲಿಲ್ಲ. ದಂಟು ಕೊಯ್ದು ಬಿಟ್ಟ ಕೂಳೆ ಇತ್ತು, ಅದರಾಚೆ ಅಗಲವಾದ ದಾರಿಯಿತ್ತು.

"ದಾರಿ ಇದ್ಯಲ್ಲ ಸಾರ್," ಎಂದರು ಗುಂಪಿನಲ್ಲಿದ್ದ ದರ್ಜಿ.

ಸಾಹೇಬರು ನಕ್ಷೆ ನೋಡಿದರು. "ಇದೆ. ಆದರೆ ಇರಬಾರದು."

"ಇರೋದು ಕಣ್ಣಿಗೆ ಕಾಣ್ತಿದೆಯಲ್ಲ."

"ಕಣ್ಣಿಗೆ ನೂರು ಕಾಣುತ್ತೆ ಸ್ವಾಮಿ. ದಾಖಲೆಯಲ್ಲಿ ಏನಿದೆ ಅಂತ ನೋಡಬೇಕು. ಎಲ್ಲರೂ ಎಡಕ್ಕೆ ಬನ್ನಿ."

ಹಾಗೆ ಇಪ್ಪತ್ತೆರಡು ಜನ ಪ್ರಜ್ಞಾವಂತ ನಾಗರಿಕರು, ಇಲ್ಲದ ಗೋಡೆಗೆ ಮೈ ತಾಗದಂತೆ ಓರೆಯಾಗಿ, ಎಡಕ್ಕೆ ತಿರುಗಿದರು.

ಮುಂದೆ ಇನ್ನೊಂದು ಇರಬಾರದ ದಾರಿ. ಅದರ ಮುಂದೆ ಮತ್ತೊಂದು. 'ಮೂರನೆಯ ಎಡತಿರುವು' ಎಂದು ನಕ್ಷೆಯಲ್ಲಿದ್ದದ್ದು ನೆಲದ ಮೇಲೆ ಐದನೆಯದೋ ಆರನೆಯದೋ ಆಗಿತ್ತು. ಅರ್ಧ ಗಂಟೆಯಲ್ಲಿ ಅದೇ ಮುರಿದ ದಂಟನ್ನು ಎಲ್ಲರೂ ಮೂರು ಸಲ ಕಂಡು, ಪರಿಚಯದವರಂತೆ ನಕ್ಕರು.

"ಹೊಲ ಎಲ್ಲೋ ತಪ್ಪಿದೆ," ಎಂದು ಸಾಹೇಬರು ತೀರ್ಪು ಕೊಟ್ಟರು. "ಯಾರೂ ಅಲ್ಲಾಡಬೇಡಿ. ನಾನೊಬ್ಬನೇ ಮುಂದೆ ಹೋಗಿ ಪರಿಶೀಲನೆ ಮಾಡಿ ಎರಡೇ ನಿಮಿಷದಲ್ಲಿ ಬರ್ತೀನಿ."

ಹೆಡ್‌ಮಿಸ್ಟ್ರೆಸ್ಸು ಎರಡು ನಿಮಿಷಕ್ಕೆ ಹತ್ತು ನಿಮಿಷ ಕೊಟ್ಟರು. ಆಮೇಲೆ ನೆಲ ನೋಡಿದರು. ಕೂಳೆಯ ನಡುವೆ ಏನನ್ನೋ ಎಳೆದುಕೊಂಡು ಹೋದ ಗುರುತು, ಉದುರಿದ ಎಲೆ, ಸಗಣಿ ಮೆತ್ತಿದ ಚಪ್ಪಲಿಯ ಅಚ್ಚು. "ಇದು ಕೆಲಸ ಮಾಡೋರು ಓಡಾಡಿದ ದಾರಿ. ಇದು ಸುತ್ತಾಡಿಸೋದಿಲ್ಲ," ಎಂದು ಸೀಟಿ ಊದಿ ಮುಂದೆ ಹೊರಟರು. ಮೂರೇ ನಿಮಿಷದಲ್ಲಿ ಬಳಗ ಕೊಟ್ಟಿಗೆಯ ಮುಂದೆ ಬಂದು ನಿಂತಿತ್ತು.

ಅಲ್ಲಿ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಎಳೆ ತೆನೆ ಬೇಯಿಸುತ್ತಿದ್ದರು. ತಲೆ ಎಣಿಸಿದರು.

"ನಮ್ಮನೆಯವರೆಲ್ಲಿ?"

"ಪರಿಶೀಲನೆಗೆ ಹೋಗಿದಾರೆ. ಹೊಲ ತಪ್ಪಿದೆಯಂತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಅತ್ತೆ ಜಗುಲಿಯಿಂದ.

ಹೆಂಡತಿ ಬೇಲಿಯ ಹತ್ತಿರ ಹೋಗಿ ಕೂಗಿದರು. "ಏನೂಂದ್ರೆ, ಎಲ್ಲಿದೀರಿ?"

ಜೋಳದ ಆಳದಿಂದ ಗಂಭೀರವಾದ ದನಿ ಬಂತು. "ಇಲ್ಲೇ ಇದೀನಿ."

"ಇಲ್ಲೇ ಅಂದ್ರೆ ಎಲ್ಲಿ?"

"ಎಲ್ಲಿರಬೇಕೋ ಅಲ್ಲೇ ಇದೀನಿ. ಹೊಲ ಎಲ್ಲಿದೆ ಅನ್ನೋದೇ ಪ್ರಶ್ನೆ."

ಹೆಂಡತಿಯ ತಮ್ಮ ಟ್ರಾಕ್ಟರಿನ ಮೇಲೆ ಹತ್ತಿ ನೋಡಿದ. "ಅಕ್ಕಾ, ಭಾವನ ಟೋಪಿ ಕಾಣ್ತಿದೆ. ಪಂಪಿನ ಮನೆ ಕಡೆ ಹೋಗ್ತಿದೆ. ಇಲ್ಲ, ವಾಪಸ್ ಬರ್ತಿದೆ. ನಿಂತ್ಕೊಳ್ತು. ಈಗ ಟೋಪಿ ತೆಗೆದು ತಲೆ ಕೆರ್ಕೊಳ್ತಿದಾರೆ."

ಹೆಡ್‌ಮಿಸ್ಟ್ರೆಸ್ಸಿನ ಕಣ್ಣಲ್ಲಿ ನಲವತ್ತು ವರ್ಷದ ಆಟದ ಬಯಲು ಮಿಂಚಿತು. "ಹನ್ನೊಂದು ಹನ್ನೊಂದು ಜನ ಎರಡು ತಂಡ ಆಗಿ. ಯಜಮಾನರನ್ನ ಮೊದಲು ಹಿಡಿದವರು ಗೆದ್ದ ಹಾಗೆ."

ಸೀಟಿ ಕೇಳಿದಾಗ ಸಾಹೇಬರು ಜೋಳದ ನಟ್ಟನಡುವೆ ನಕ್ಷೆಯನ್ನು ತಲೆಕೆಳಗು ಹಿಡಿದು ನಿಂತಿದ್ದರು. ನಾಲ್ಕು ದಿಕ್ಕಿನಿಂದ ಬೂಟುಗಳ ಸದ್ದು, ನಗು, "ಈ ಕಡೆ, ಈ ಕಡೆ" ಎಂಬ ಕೂಗು. ತಮ್ಮನ್ನು ಹುಡುಕುತ್ತಿದ್ದಾರೆಂದು ಅರ್ಥವಾದದ್ದೇ, ಅವರ ಮಾನ ಅವರ ಕಾಲಿಗಿಳಿಯಿತು. ಕಳೆದುಹೋದವನೆಂದು ಸಿಕ್ಕಿಬೀಳುವುದಕ್ಕಿಂತ ಸಿಗದೇ ಇರುವುದು ಮೇಲು. ಟೋಪಿ ಕಂಕುಳಲ್ಲಿಟ್ಟು, ಬಗ್ಗಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡತೊಡಗಿದರು. ಓಡಿದಷ್ಟೂ ಆಟ ರಂಗೇರಿತು. ಮೊಣಕಾಲು ನೋವೆಂದು ಬೆಳಿಗ್ಗೆಯಿಂದ ಇಳಿಯದೆ ವ್ಯಾನಿನಲ್ಲೇ ಕುಳಿತಿದ್ದ ಇಬ್ಬರು ಅಜ್ಜಂದಿರೂ ಇಳಿದು ಬಂದರು.

ಮುಕ್ಕಾಲು ಗಂಟೆಯ ಮೇಲೆ, ಒಂದು ಮೂಲೆಯಲ್ಲಿ ಏದುಸಿರು ಬಿಡುತ್ತ ಕುಳಿತಿದ್ದ ಸಾಹೇಬರಿಗೆ ಗೋಡೆಯಾಚೆಯಿಂದ ಪರಿಚಿತ ದನಿ ಕೇಳಿಸಿತು.

"ಒಳಗೇ ಇದೀರಾ? ಬಾಗಿ ಹಿಂದಕ್ಕೆ ಸರೀರಿ, ಈ ಸಾಲು ಕೊಯ್ದು ಬಂದುಬಿಡ್ತೀನಿ."

"ಬೇಡ." ಸಾಹೇಬರು ದಂಟುಗಳಿಗೆ ಎರಡೂ ಕೈ ಅಡ್ಡ ಹಿಡಿದರು. "ಇದೊಂದನ್ನ ಕೊಯ್ಬೇಡ. ನಾನು ಬರೆದ ಹಾಗೆ ಉಳಿದಿರೋ ಗೋಡೆ ಇದೊಂದೇ. ಎಣಿಸಿ ನೋಡಿದೀನಿ. ಹೇಗೂ ನಾಳೆ ಎಲ್ಲಾ ಹೋಗುತ್ತಲ್ಲ, ಇವತ್ತೊಂದು ದಿನ ಇರಲಿ."

ಆಚೆ ಕಡೆ ಕುಡುಗೋಲು ನೆಲಕ್ಕಿಟ್ಟ ಸದ್ದು. ಹೆಂಡತಿ ಆ ಗೋಡೆಯ ಇಡೀ ಉದ್ದ ಸುತ್ತು ಹಾಕಿಕೊಂಡು, ಎರಡು ತಿರುವು ತಿರುಗಿ, ಬಂದು ಎದುರಿಗೆ ನಿಂತರು.

"ನೀವು ಎಳೆದ ಗೆರೆಗೋಸ್ಕರ ಇಷ್ಟು ದೂರ ನಡೆದು ಬಂದಿದೀನಿ," ಎಂದರು. "ಇನ್ನೇನ್ ಬೇಕು ನಿಮಗೆ? ಏಳ್ರಿ."

ಹೊರಗೆ ಬಂದಾಗ ಚಪ್ಪಾಳೆ ಬಿತ್ತು. ಸಾಹೇಬರು ತಲೆ ತಗ್ಗಿಸಿ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ಸು ಕೈ ಎತ್ತಿದರು. ಎಷ್ಟೋ ವರ್ಷದ ಮೇಲೆ ತಾವೆಲ್ಲ ಇಷ್ಟು ಓಡಿದ್ದು, ಇಷ್ಟು ನಕ್ಕಿದ್ದಂತೆ. ಬರುವ ಭಾನುವಾರ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆತರುತ್ತಾರಂತೆ. ಆಮೇಲಿನ ಭಾನುವಾರ ದರ್ಜಿಗಳ ಸಂಘ. "ಆದರೆ ಆ ಭಾಷಣ ಬೇಡ. ಯಜಮಾನರನ್ನ ಹುಡುಕೋ ಆಟ ಮಾತ್ರ ತಪ್ಪಿಸಬೇಡಿ."

ಸೋಮವಾರ ಹೊಲ ಕೊಯ್ಯಲಿಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ಸಾಹೇಬರು ತಮ್ಮ ಕೈಯಾರೆ, ಅಚ್ಚುಕಟ್ಟಾದ ಅಕ್ಷರಗಳಲ್ಲಿ, 'ಯಜಮಾನರನ್ನು ಹುಡುಕುವುದು' ಎಂದು ಬರೆಯಬೇಕಾಯಿತು.

"ಅಲ್ಲಾ, ಪ್ರತಿ ವಾರ ನಾನು ಕಳೆದುಹೋಗಬೇಕಾ?" ಎಂದರು ನೊಂದು. "ಬೇಕು ಬೇಕು ಅಂತ ಕಳೆದುಹೋಗೋದು ಹೇಗೆ? ಅದಕ್ಕೂ ಒಂದು ಅಭ್ಯಾಸ ಬೇಡವೇ?"

"ನೀವು ದಾರಿ ತೋರಿಸೋಕೆ ಹೊರಡ್ರಿ, ಸಾಕು," ಎಂದರು ಹೆಂಡತಿ. "ಉಳಿದದ್ದು ತಾನಾಗೇ ಆಗುತ್ತೆ."

ಆ ಮಾತು ಸಾಹೇಬರಿಗೆ ಚುಚ್ಚಿತು. ವಾರವಿಡೀ, ಹೆಂಡತಿ ಹಾಲು ಕರೆಯುವ ಹೊತ್ತಿನಲ್ಲಿ, ಅವರು ಯಾರಿಗೂ ಹೇಳದೆ ಜೋಳದೊಳಗೆ ಹೋಗಿ ಬಂದರು. ಬರಿಗೈಯಲ್ಲಿ. ಕೂಳೆ ನೋಡಿದರು, ಹೊರೆ ಎಳೆದ ಗುರುತು ನೋಡಿದರು, ಗೋಡೆ ಇಲ್ಲದ ಕಡೆ ಗೋಡೆ ಇಲ್ಲವೆಂದು ಒಪ್ಪಿಕೊಳ್ಳುವುದನ್ನು ಕಲಿತರು.

ಭಾನುವಾರ ಹಳೆಯ ವಿದ್ಯಾರ್ಥಿಗಳು ಮೂವತ್ತು ಜನ ಬಂದರು. ಸಾಹೇಬರು ಮುಂಚೆಯೇ ಒಳಗೆ ಹೋಗಿ, ತೀರ ನಡುಮಧ್ಯೆ ನಿಂತರು. ಕಾದರು. ಸೀಟಿ ಕೇಳಲಿಲ್ಲ. ಕೊಟ್ಟಿಗೆಯ ಕಡೆಯಿಂದ ಬೆಂದ ತೆನೆಯ ಘಮ, ಹರಟೆಯ ಸದ್ದು. ಇನ್ನು ತಾಳಲಾರದೆ ಅವರು ಹೊರಟರು. ಎಡ, ಬಲ, ಕೂಳೆಯ ದಾರಿ, ಮತ್ತೆ ಎಡ. ಒಂದೂ ತಪ್ಪು ಹೆಜ್ಜೆಯಿಡದೆ ನಾಲ್ಕೇ ನಿಮಿಷದಲ್ಲಿ ಬಿಸಿಲಿಗೆ ಬಂದು, ಎರಡೂ ಕೈ ಸೊಂಟದ ಮೇಲಿಟ್ಟು, ಇಡೀ ಲೋಕ ನೋಡಲಿ ಎಂಬಂತೆ ನಿಂತರು.

ಮೂವತ್ತು ಜನ ತೆನೆ ಕಡಿಯುವುದನ್ನು ನಿಲ್ಲಿಸಿ ನೋಡಿದರು. ಎಲ್ಲರ ಮುಖವೂ ಬಾಡಿತು.

"ಇದೇನ್ರೀ ಇದು," ಎಂದರು ಹೆಡ್‌ಮಿಸ್ಟ್ರೆಸ್ಸು. "ನಾವಿನ್ನೂ ಶುರುವೇ ಮಾಡಿಲ್ಲ, ಆಗಲೇ ಹೊರಗೆ ಬಂದುಬಿಟ್ರಾ? ಒಳಗೆ ನಡೀರಿ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಆಕೆ ಪಾತ್ರೆಯಿಂದ ಚೆನ್ನಾಗಿ ಕಾಳು ತುಂಬಿದ ಒಂದು ತೆನೆ ಆರಿಸಿ, ಉಪ್ಪು ಸವರಿ, ಅವರ ಕೈಗಿಟ್ಟರು.

"ಬಿಸಿಯಾಗಿದೆ, ಊದ್ಕೊಂಡು ತಿನ್ರಿ," ಎಂದರು. "ಅವರು ನಿಮ್ಮನ್ನ ಹುಡುಕ್ಕೊಂಡು ಬರೋದು ಹೊತ್ತಾಗುತ್ತೆ."