ಆಯಿಯ ಪರಾತ ಮತ್ತು ದೊಡ್ಡ ಪುಟ

ಮುತ್ತಜ್ಜನ ಕಾಲದಲ್ಲಿ ನಮ್ಮ ಮನೆಯ ಗಂಡಸರೆಲ್ಲ ಒಂದೇ ಹಿತ್ತಾಳೆ ಪರಾತದ ಸುತ್ತ ಕುಳಿತು ಉಣ್ಣುತ್ತಿದ್ದರು, ಎಂದೂ ಜಗಳವಾಡಲಿಲ್ಲ ಎಂದು ಆಯಿ, ಅಂದರೆ ನನ್ನ ಅಜ್ಜಿ, ಹೇಳುತ್ತಿದ್ದಳು. ಅಷ್ಟು ಜನರ ಕೈ ಒಂದೇ ತಟ್ಟೆಗೆ ಎಟುಕುವುದು ಹೇಗೆಂದು ಬಾಲ್ಯದಲ್ಲೇ ನನಗೆ ಸಂಶಯ. ಮುಂದೆ, ಅಥಣಿ ತಾಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಆ ಪರಾತ ಹೇಗೋ ಮಾತಿನ ನಡುವೆ ಬರುತ್ತಿತ್ತು.

೧. ಪಗಾರ

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಇತರರು ಬರೆದು ಕಳುಹಿಸುವ ತಿದ್ದುಪಡಿಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ.

"ದಿನಾ ಅದರಾಗ ಏನ್ ನೋಡತೀ ಬೇ?" ಎಂದಳು ಆಯಿ.

"ಮಂದಿ ಮಾಡಿದ ಕೆಲಸದಾಗ ತಪ್ಪು ಹುಡುಕತೇನಿ."

"ಅದಕ್ಕ ಪಗಾರ ಕೊಡತಾರ? ನಿಮ್ಮ ಕಾಕೂ, ನನ್ನ ಸಣ್ಣ ಸೊಸಿ, ಇಷ್ಟು ವರ್ಷ ಪುಕ್ಕಟ ಮಾಡ್ಯಾಳಲ್ಲ!"

೨. ದೊಡ್ಡ ಪುಟ

ಕರ್ನಲ್ ಮೆಮೊರಿಯನ್ನು ಸಣ್ಣ ಸಣ್ಣ ಪುಟಗಳಾಗಿ ಹಂಚುತ್ತದೆ. ಹಲವು ಪ್ರೋಗ್ರಾಮ್‌ಗಳು ಜೊತೆಯಾಗಿ ಬಳಸುವ ಮೆಮೊರಿಗೆ ನೂರಾರು ಸಣ್ಣ ಪುಟಗಳ ಬದಲು ಒಂದೇ ದೊಡ್ಡ ಪುಟ ಕೊಡುವ ತಿದ್ದುಪಡಿಯೊಂದು ಆಗ ನನ್ನ ಮುಂದಿತ್ತು. ನಾನು ಕೇಳಿದ್ದ ಪ್ರಶ್ನೆ ಒಂದೇ: ಬಳಸುವ ಕೊನೆಯ ಪ್ರೋಗ್ರಾಮ್ ಎದ್ದ ಮೇಲೆ ಆ ಪುಟವನ್ನು ಮರಳಿಸುವವರು ಯಾರು?

"ನಮ್ಮ ಪರಾತ ಇದ್ದಂಗ," ಎಂದಳು ನಾನು ಬಿಡಿಸಿ ಹೇಳಿದ್ದನ್ನು ಕೇಳಿದ ಆಯಿ. "ನಡುವ ಒಬ್ಬಾಂವ ಸಿಟ್ಟಿಲೆ ಎದ್ದರ?"

"ಉಳಿದವರು ಉಣ್ಣೂತನಕ ಪರಾತ ಎತ್ತಂಗಿಲ್ಲ."

"ನಿಮ್ಮಪ್ಪಗ, ಕಾಕಾಗ ಇದನ್ನ ಹಚ್ಚು."

ದ್ರಾಕ್ಷಿ ತೋಟ ಪಾಲಾದಂದಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ತಾನು ಕಣ್ಣು ಮುಚ್ಚುವ ಮೊದಲು ಅವರಿಬ್ಬರೂ ಆ ಪರಾತದಲ್ಲಿ ಒಮ್ಮೆ ಉಣ್ಣುವುದನ್ನು ನೋಡಬೇಕೆಂಬುದು ಆಯಿಯ ಆಸೆ.

"ಮನುಷ್ಯಾರಿಗೆ ಹಚ್ಚಾಕ ಬರೂದಿಲ್ಲ, ಆಯಿ."

"ಹಂಗಾರ ಅದೂ ಒಂದು ತಪ್ಪಂತ ಬರಿ."

೩. ಬದು

ಆಯಿ ಹಾಸಿಗೆ ಹಿಡಿದಾಗ ಇಬ್ಬರೂ ಪರಾತದ ಮುಂದೆ ಕುಳಿತರು. ಕಾಕಾ ಅನ್ನದ ನಡುವೆ ರೊಟ್ಟಿ ಮಡಚಿ ಬದುವಿನಂತೆ ಇಟ್ಟ. ಅಪ್ಪ ಗೋಡೆಗೆ ಹೇಳುವಂತೆ ಹೇಳಿದ: "ಅವರ ಸಾರು ನಮ್ಮ ಹೊಲಕ್ಕ ಹರಿಯಾಕತ್ತೈತಿ."

"ಸರ್ವೇದವರನ್ನೂ ಊಟಕ್ಕ ಕರೀಬೇಕಿತ್ತು," ಎಂದು ಆಯಿ ಕಣ್ಣೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ. ಅದೇ ವಾರ ತೀರಿಕೊಂಡಳು.

೪. ತಳ

ತಿಥಿಯ ಊಟವಾದ ಮೇಲೆ ಪರಾತ ಯಾರಿಗೆಂಬ ಜಗಳ ಹುಟ್ಟಿತು.

"ಹಿರೀ ಮಗಗ ಬರಬೇಕು," ಎಂದ ಅಪ್ಪ.

"ಆಕೀ ಬಾಯಿಗೆ ಕಡೀ ತುತ್ತು ಇಟ್ಟಾಂವ ನಾ," ಎಂದ ಕಾಕಾ.

ನಾನು ತೊಳೆಯಲೆಂದು ಪರಾತವನ್ನು ಕವುಚಿ, ತಳದ ಕಿಲುಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು. ಎರಡು ಸಲ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದೆ: "ಊರ ಗುಡಿಯ ಪಾತ್ರೆ. ಊಟ ಮುಗಿದ ಮೇಲೆ ತೊಳೆದು ಮರಳಿಸಬೇಕು."

ಕಾಕಾ ಪರಾತದ ಒಂದು ಅಂಚು ಹಿಡಿದು ಎಂದ: "ಅಣ್ಣಾ, ಆ ಕಡೆ ಹಿಡಿ."

ಇಬ್ಬರೂ ಎರಡು ಬದಿ ಹಿಡಿದು ಅದನ್ನು ಗುಡಿಗೆ ಒಯ್ದರು. ಪೂಜಾರಿ ತಳ ನೋಡಿ ಕೇಳಿದ: "ಇಷ್ಟ್ಯಾಕ ತಡಾ ಆತ್ರಿ?"

ಅಪ್ಪ ಕಣ್ಣೊರೆಸಿಕೊಂಡ. "ನಮ್ಮ ಮನ್ಯಾಗ ಈಗ ಊಟ ಮುಗೀತ್ರಿ."