ಶಿವಪ್ರಕಾಶನ ಹೆಸರಿಗೆ ಬಂದ ಲೇಹ್ಯ

ಪಾರ್ಸೆಲ್ಲನ್ನು ಸುಂದರೇಶ ಬಿಚ್ಚದೆ ಇದ್ದಿದ್ದರೆ ಶಿವಪ್ರಕಾಶನ ಮಾನ ಸಂಜೆಯವರೆಗಾದರೂ ಉಳಿಯುತ್ತಿತ್ತು.

ಹೆಬ್ಬಾಳದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಇಬ್ಬರದೂ ಎದುರುಬದುರು ಮೇಜು. ಬಂದ ಪೆಟ್ಟಿಗೆಗಳನ್ನೆಲ್ಲ ಬಿಚ್ಚುವುದು ಸುಂದರೇಶನ ಕೆಲಸ. ಬೇರಿಂಗ್ ಇರಬೇಕೆಂದು ಇದನ್ನೂ ಬಿಚ್ಚಿದ. ಹೊಟ್ಟೆ ಉಬ್ಬಿದ ಡಬ್ಬಿಯೊಂದು ಹೊರಬಂತು. ಸುಂದರೇಶ ಕನ್ನಡಕ ಸರಿಮಾಡಿಕೊಂಡು ಮದುವೆಮನೆಯಲ್ಲಿ ಮುಯ್ಯಿ ಕೂಗುವವನಂತೆ ಓದಿದ:

“ಅಶ್ವಗಂಧ, ಶತಾವರಿ, ನೆಗ್ಗಿಲು, ನಸುಗುನ್ನಿ ಬೀಜ ಸೇರಿದ್ದು. ಗಂಡಸರ ಸಂತಾನ ಶಕ್ತಿಗೆ, ಧಾತುಪುಷ್ಟಿಗೆ. ಶ್ರೀ ಶಿವಪ್ರಕಾಶ್ ಅವರಿಗೆ!”

“ರೀ, ಅದು ನನ್ದಲ್ಲ!”

“ಹೆಸರು ನಿಮ್ದು, ಫೋನ್ ನಂಬರು ನಿಮ್ದು. ಲೇಹ್ಯ ಮಾತ್ರ ನಮ್ದಾ?”

ಮದುವೆಯಾಗಿ ಐದು ವರ್ಷವಾದರೂ ಶಿವಪ್ರಕಾಶನಿಗೆ ಮಕ್ಕಳಾಗಿರಲಿಲ್ಲ. ಗಂಡಹೆಂಡಿರಿಬ್ಬರನ್ನೂ ಪರೀಕ್ಷಿಸಿದ ಡಾಕ್ಟರು, ಏನೂ ತೊಂದರೆಯಿಲ್ಲ, ಕಾಯಿರಿ ಎಂದಿದ್ದರು. ಈ ವಿಷಯವನ್ನು ಅವನು ಗೋಡೆಯ ಮುಂದೆಯೂ ಆಡಿದವನಲ್ಲ. ಹಾಗಾದರೆ ಇದನ್ನು ಕಳಿಸಿದವರು ಯಾರು? ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದ. ಮಂಡಿ ಮೊಹಲ್ಲಾದ ಪಂಡಿತರೊಬ್ಬರು ಎತ್ತಿದರು. ಅವರದು ಮೈಕು ಬೇಡದ ಗಂಟಲು.

“ಓ, ಶಿವಪ್ರಕಾಶ್ರಾ! ನಿಮ್ಮ ತಂದೆಯೋರೇ ಬಂದು ಎಲ್ಲಾ ಹೇಳಿದ್ದಾರೆ, ನಾಚ್ಕೋಬೇಡಿ. ಹೊಟ್ಟೆ ಬಿರಿಯೋ ಹಂಗೆ ತಿಂದು ಮೂಲೇಲಿ ಬಿದ್ಕೋತೀರಂತೆ?”

“ನಾನಾ?”

“ಹೆಣ್ಣು ಹತ್ರ ಬಂದ್ರೆ ಮುಖ ತಿರುಗಿಸ್ತೀರಂತೆ. ಬಲವಂತ ಮಾಡಿದ್ರೆ ಗುದ್ದೋಕೆ ಹೋಗ್ತೀರಂತೆ. ಗುದ್ದೋದು ತಪ್ಪು ಕಣ್ರೀ!”

ಅಕೌಂಟ್ಸಿನಿಂದ ಬಂದಿದ್ದ ಶಾರದ ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದರು: “ಹೆಂಡ್ತೀನ ಗುದ್ತೀರೇನ್ರೀ?”

ಶಿವಪ್ರಕಾಶ ಅಪ್ಪನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ತಲೆ ಕೆಟ್ಟುಹೋಯಿತು. ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಒಬ್ಬಟ್ಟು ತಿಂದು ಮೂಲೆಯಲ್ಲಿ ಮಲಗಿದ್ದು ನಿಜ. ಆದರೆ ಗುದ್ದಿದ್ದು ಯಾರನ್ನು? ನಿದ್ದೆಗಣ್ಣಿನಲ್ಲಿ ಏನಾದರೂ...?

ಆಮೇಲೆ ಅವನು ಅವನಾಗಿ ಉಳಿಯಲಿಲ್ಲ, ಕಾರ್ಖಾನೆಯ ಸೊತ್ತಾದ. ಉಷ್ಣ ಆಗುತ್ತದೆಂದು ಕೈಯಲ್ಲಿದ್ದ ಕಾಫಿ ಕಿತ್ತುಕೊಂಡರು. ಕ್ಯಾಂಟೀನಿನವನು ಕೇಳದೆಯೇ ಸಾಂಬಾರಿನ ನುಗ್ಗೆಕಾಯಿಯನ್ನೆಲ್ಲ ಅವನ ತಟ್ಟೆಗೆ ಸುರಿದ. ಸಂಜೆ ಕಂಪನಿ ಬಸ್ಸಿನಲ್ಲಿ ಎಂದಿನಂತೆ ಮುಂದೆ ಕೂರಲು ಹೋದರೆ ಡ್ರೈವರೇ ಎಬ್ಬಿಸಿದ: “ಎಂಜಿನ್ ಪಕ್ಕ ಬ್ಯಾಡಿ ಸಾರ್. ಶಾಖ ಒಳ್ಳೇದಲ್ಲ ನಿಮ್ಗೆ.”

ಅವನು ಮನೆಗೆ ಬರುತ್ತಲೇ ಹೆಂಡತಿ ಕುಸುಮ ಅವನ ಚೀಲದಿಂದ ಡಬ್ಬಿ ತೆಗೆದು ಓದಿದಳು. ಶಿವಪ್ರಕಾಶ ಬೈಗುಳಕ್ಕೆ ಸಿದ್ಧನಾಗಿ ನಿಂತ. ಆದರೆ ಅವಳ ಕಣ್ಣು ತುಂಬಿ ಬಂತು.

“ಪಂಡಿತ್ರ ಹತ್ರ ಹೋಗೋಣ ಅಂದ್ರೆ ನನ್ ಮೇಲೆ ರೇಗ್ತಿದ್ರಿ. ಈಗ ನೀವೇ ಹೋಗಿ ತಂದ್ರಾ? ನಂಗೋಸ್ಕರ?”

ಆ ನೋಟವನ್ನು ಕಂಡು ಅವನಿಗೆ ಎಷ್ಟು ದಿನವಾಗಿತ್ತೋ. ‘ಇಲ್ಲ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು.

“ಹೂಂ ಮತ್ತೆ,” ಎಂದ. “ನಿನ್ನ ಮುಂದೆ ನಾಚಿಕೆ ಏನು ದೊಡ್ಡದು?”

ಕುಸುಮ ಚಮಚ ತಂದು ತಾನೇ ತಿನ್ನಿಸಿದಳು. ಪ್ರೀತಿಗೆಂದು ಇನ್ನೊಂದು, ದೇವರ ಹೆಸರಿನಲ್ಲಿ ಮತ್ತೊಂದು. ನಡುವೆ ಅಪ್ಪನ ಫೋನು ಬಂತು. ಈಗ ಎತ್ತಿದರೆ ಕೆಡುತ್ತದೆಂದು ಕಟ್ ಮಾಡಿದ. ಮೈಯಲ್ಲಿ ಹೊಸ ಕಸುವು ಹರಿದಂತೆಯೂ ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಬಾಗಿಲು ದಡದಡ ಬಡಿದ ಸದ್ದಾಯಿತು. ಬನ್ನೂರು ಬಸ್ಸಿಳಿದು ಬಂದ ಅಪ್ಪ ಕೃಷ್ಣಪ್ಪ, ಬೆವರೊರೆಸುತ್ತಾ ಒಳಗೆ ನುಗ್ಗಿದರು.

“ಫೋನ್ ಯಾಕ್ಲಾ ಎತ್ತಕಿಲ್ಲ? ನನ್ ಡಬ್ಬಿ ಎಲ್ಲಿ?”

“ನಿಮ್ದಾ ಮಾವ?” ಕುಸುಮ ಬೆಚ್ಚಿದಳು.

“ನಂದ್ಯಾಕಾದದು ಕಣವ್ವ! ನಮ್ ಟಗರಿಂದು. ತಳಿ ಮಾಡವ ಅಂತ ಆಸೆಪಟ್ಟು ತಂದೆ. ತಿಂದ್ಬುಟ್ಟು ಮೂಲೇಲಿ ಬಿದ್ಕತದೆ. ಕುರಿ ಬುಟ್ರೆ ಮಖ ತಿರುಗ್ಸ್ತದೆ, ದಬ್ಬುದ್ರೆ ನನ್ನೇ ಗುದ್ದಕೆ ಬತ್ತದೆ. ದನದ ಡಾಕ್ಟ್ರೂ ಕೈಚೆಲ್ಬುಟ್ರು. ಟಗರು ಅಂದ್ರೆ ಪಂಡಿತ್ರು ಔಷ್ದಿ ಕೊಟ್ಟಾರಾ? ‘ಮನೇಲೊಬ್ಬ ಅವ್ನೆ, ಹಿಂಗಿಂಗೆ’ ಅಂದೆ. ಹೆಸ್ರು, ಅಡ್ರೆಸ್ಸು ಕೇಳುದ್ರು. ಇವುಂದೇ, ಫ್ಯಾಕ್ಟ್ರೀದು ಕೊಟ್ಟೆ.”

ಮಾತು ಮುಗಿಯುವಷ್ಟರಲ್ಲಿ ಅವರ ಕಣ್ಣು ಚಮಚದ ಮೇಲೆ ಬಿತ್ತು. ಅಲ್ಲಿಂದ ಮಗನ ಮೀಸೆಗೆ ಅಂಟಿದ್ದ ಲೇಹ್ಯಕ್ಕೆ ಹೋಯಿತು.

“ನೀನ್ಯಾಕ್ಲಾ ತಿಂದೆ? ನಿಂಗೇನಾಗದೆ?”

ಶಿವಪ್ರಕಾಶ ಹೆಂಡತಿಯ ಕಡೆ ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ತುಂಬಿದ್ದ ಕಣ್ಣು ಈಗ ಒಣಗಿತ್ತು. ಅವಳು ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಸೆರಗಿನಿಂದ ಒರೆಸಿ ಮಾವನ ಕೈಗಿಟ್ಟಳು.

“ತಗೊಂಡೋಗಿ ಮಾವ. ಅದಾದ್ರೂ ಉದ್ಧಾರ ಆಗ್ಲಿ.”